ಮಹದಾಯಿಯಲ್ಲಿ ಬೋಟು, ಉದ್ಯಮಬಾಗ್‌ನಲ್ಲಿ ರಿಪೇರಿ

ನಾವು ಬೋಟಿನ ಮೇಲೆ ಇರುತ್ತೇವೆ ಅಂದರೆ ಬೆಳಗಾವಿಯ ನೆಂಟರು ಯಾರೂ ಸಮುದ್ರದ ಬಗ್ಗೆ ಕೇಳುವುದಿಲ್ಲ. "ಸ್ನಾನ ಎಲ್ಲಿ ಮಾಡ್ತೀರಿ?" ಅಂತ ಕೇಳುತ್ತಾರೆ. ಆಮೇಲೆ ದನಿ ಸ್ವಲ್ಪ ತಗ್ಗಿಸಿ, "ಮತ್ತ ಸಂಡಾಸಕ್ಕ?" ಇವೆರಡಕ್ಕೂ ಉತ್ತರ ಸಿಕ್ಕ ಮೇಲೆ ಗಂಡಸರು ರೊಕ್ಕದ ವಿಷಯ ತೆಗೆಯುತ್ತಾರೆ. ಮಳೆಗಾಲಕ್ಕೆ ಮನೆಗೆ ಬಂದಾಗೆಲ್ಲ ಇದನ್ನೇ ಹೇಳಿ ಹೇಳಿ ಸಾಕಾಗಿದೆ. ಈ ಸಲ ಬರೆದೇ ಇಡುತ್ತೇನೆ. ಕೇಳಿದವರಿಗೆ ಲಿಂಕ್ ಕಳಿಸಿದರೆ ಆಯಿತು.

ನಮ್ಮ ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ. ನಮ್ಮ ಮನೆಯವರದು ಊರಿನ ಕಾರ್ಖಾನೆಗಳ ಪ್ರದೇಶವಾದ ಉದ್ಯಮಬಾಗ್‌ನಲ್ಲಿ ಸಣ್ಣದೊಂದು ಲೇಥ್ ಶಾಪ್. ಅಲ್ಲಿನ ಲೆಕ್ಕ, ಚಲನ್, ಹುಡುಗರ ಪಗಾರ ಎಲ್ಲ ವರ್ಷಗಟ್ಟಲೆ ನೋಡಿಕೊಂಡವಳು ನಾನು. ಈಗ ಶಾಪ್ ಮೈದುನನ ಕೈಯಲ್ಲಿದೆ. ನಾವಿಬ್ಬರೂ ಅಕ್ಟೋಬರ್‌ನಿಂದ ಮೇ ತನಕ ಗೋವಾದ ಮಾಂಡೋವಿ ನದಿಯಲ್ಲಿ, 32 ಅಡಿಯ ಹಳೆಯ ಫೈಬರ್ ಬೋಟಿನಲ್ಲಿ ಇರುತ್ತೇವೆ. ಹಾಯಿ ಇದೆ, ಒಳಗೆ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ ಇದೆ. ಮಾರಿದವರು ಗೋವಾದ ಒಬ್ಬ ಹಿರಿಯರು. ಮೊಣಕಾಲು ನೋವು ಬಂದು ಬೋಟ್ ಹತ್ತಿ ಇಳಿಯುವುದು ಅವರಿಗೆ ಆಗದೇ ಹೋಯಿತು. ಪಣಜಿಯ ಕ್ಯಾಸಿನೋ ಹಡಗುಗಳಿಂದ ಸಾಕಷ್ಟು ಮೇಲೆ, ಒಂದು ಹಳ್ಳಿಯ ಮುಂದೆ ಲಂಗರು ಹಾಕಿದ್ದೇವೆ. ರಾತ್ರಿ ಆ ಕಡೆ ಆಕಾಶ ಸ್ವಲ್ಪ ಗುಲಾಬಿಯಾಗಿ ಕಾಣುತ್ತದೆ, ಅಷ್ಟೇ.

ಗೋವಾದ ನದಿಯಾದರೂ ನೀರು ನಮ್ಮ ಜಿಲ್ಲೆಯದೇ. ಮಹದಾಯಿ ಹುಟ್ಟುವುದು ಖಾನಾಪುರ ತಾಲೂಕಿನ ದೇಗಾಂವದಲ್ಲಿ. ಘಟ್ಟ ಇಳಿದ ಮೇಲೆ ಅವಳೇ ಮಾಂಡೋವಿ. ನಾವು ಕಾರಿನಲ್ಲಿ ಜಾಂಬೋಟಿ, ಕನಕುಂಬಿ, ಚೋರ್ಲಾ ಘಾಟ್ ಮೇಲೆ ಹೋಗುತ್ತೇವೆ, ಪಣಜಿಗೆ ಸುಮಾರು 120 ಕಿಲೋಮೀಟರ್. ಕನಕುಂಬಿಯಲ್ಲಿ ಮಲಪ್ರಭೆ ಹುಟ್ಟಿ ಸವದತ್ತಿ ಕಡೆ ಹೊರಟರೆ, ಅದೇ ಗುಡ್ಡಗಳ ಇನ್ನೊಂದು ಮಗ್ಗುಲಿಗೆ ಬಿದ್ದ ಮಳೆ ಪಶ್ಚಿಮಕ್ಕೆ ಇಳಿದು ನಮ್ಮ ಬೋಟಿನ ಕೆಳಗೆ ಬರುತ್ತದೆ. ಆ ನೀರಿನ ಮೇಲೆ ರಾಜ್ಯಗಳ ಜಗಳ ಇದೆ, ಅದನ್ನು ಇಲ್ಲಿ ತೆಗೆಯುವುದಿಲ್ಲ. ನನ್ನ ಜಗಳ ಸಣ್ಣದು: ಆ ನೀರು ಬೋಟಿನ ಹೊರಗೆ ಇರಬೇಕು, ಒಳಗೆ ಬರಬಾರದು. ನಮ್ಮ ದಿನದ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ.

ಮೊದಲು ಸ್ನಾನ. ನಮ್ಮ ಟ್ಯಾಂಕಿನಲ್ಲಿ ಹಿಡಿಯುವುದು 200 ಲೀಟರ್ ಸಿಹಿ ನೀರು. ದಡದ ನಲ್ಲಿಯಲ್ಲಿ ಕ್ಯಾನ್ ತುಂಬಿಸಿ, ಸಣ್ಣ ದೋಣಿಯಲ್ಲಿ ತಂದು, ಮೇಲೆತ್ತಿ ಸುರಿಯಬೇಕು. 20 ಲೀಟರಿನ ಕ್ಯಾನ್ ಅಂದರೆ 20 ಕಿಲೋ ಭಾರ, ಅದೂ ಅಲುಗಾಡುವ ದೋಣಿಯಿಂದ. ಹಾಗೆ ಹೊತ್ತು ತಂದ ನೀರನ್ನು ಯಾರೂ ಸುಮ್ನೆ ಚೆಲ್ಲುವುದಿಲ್ಲ. ಬೆಳಗಾವಿಯವರಿಗೆ ಇದೇನೂ ದೊಡ್ಡ ಕಷ್ಟ ಅಲ್ಲ. 2008ರಲ್ಲಿ ಊರಿನ ಕೆಲವು ಭಾಗಗಳಿಗೆ ದಿನಪೂರ್ತಿ ನಲ್ಲಿ ನೀರು ಕೊಡುವ ಯೋಜನೆ ಬಂತು. ಉಳಿದವರು ನಲ್ಲಿ ಬರುವ ದಿನ ಎಣಿಸುತ್ತಾ, ಇದ್ದಬದ್ದ ಕೊಡ, ಬಕೆಟ್, ಪಾತೇಲಿ ತುಂಬಿಡುತ್ತಲೇ ಇದ್ದರು. ನಾನು ಉಳಿದವರಲ್ಲಿ ಒಬ್ಬಳು. ಒಂದು ಬಕೆಟ್‌ನಲ್ಲಿ ತಲೆಸ್ನಾನ ಮುಗಿಸುವುದು ಬೋಟಿನಲ್ಲಿ ಕಲಿತದ್ದಲ್ಲ.

ಬೇಸಿಗೆಯಲ್ಲಿ ನದಿ ನೀರು ಉಪ್ಪು. ಮೊದಲ ಸುತ್ತು ಅದರಲ್ಲೇ. ಉಪ್ಪು ನೀರಿಗೆ ಸೋಪು ನೊರೆ ಬರುವುದಿಲ್ಲ, ಶಾಂಪೂ ಬರುತ್ತದೆ. ಕೊನೆಗೆ ಎರಡು ಮೂರು ತಂಬಿಗೆ ಸಿಹಿ ನೀರು ಮೈಮೇಲೆ. ಬಟ್ಟೆಗೆ ಮಾತ್ರ ಈ ರಿಯಾಯಿತಿ ಇಲ್ಲ. ಉಪ್ಪು ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ಉಪ್ಪು ಉಳಿದ ಟವೆಲ್ ಮಧ್ಯಾಹ್ನ ಒಣಗಿದಂತೆ ಕಂಡರೂ ಸಂಜೆಗೆ ಮತ್ತೆ ತಣ್ಣಗೆ, ಜಿಗಟು. ಹಾಗಾಗಿ ಬಟ್ಟೆ ಒಗೆಯುವುದು ದಡದಲ್ಲೇ, ಬಾವಿಯ ನೀರಿನಲ್ಲಿ.

ಸಂಡಾಸದ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಡಬ್ಬಿಯಂಥ ಪೋರ್ಟಬಲ್ ಟಾಯ್ಲೆಟ್. ಕೆಳಗಿನ ಅರ್ಧ ಬಿಚ್ಚಿ, ದಡಕ್ಕೆ ಒಯ್ದು, ಅಲ್ಲಿನ ಟಾಯ್ಲೆಟ್‌ನಲ್ಲಿ ಖಾಲಿ ಮಾಡಬೇಕು. ಯಾರ ಪಾಳಿ ಅನ್ನುವುದು ನಮ್ಮ ಮನೆಯ ಒಳಗಿನ ವಿಷಯ.

ಇನ್ನು ಬಿಲ್ಜ್. ಬೋಟಿನ ತಳದಲ್ಲಿ, ನೆಲದ ಹಲಗೆಯ ಕೆಳಗೆ ಇರುವ ತಗ್ಗು ಅದು. ಎಲ್ಲಿಂದ ನೀರು ಸೋರಿದರೂ ಕೊನೆಗೆ ಬಂದು ನಿಲ್ಲುವುದು ಅಲ್ಲೇ. ಬೆಳಿಗ್ಗೆ ಚಹಾಕ್ಕೆ ಮೊದಲು ಹಲಗೆ ಎತ್ತಿ ನೋಡುವುದು ನನ್ನ ಕೆಲಸ. ನೀರು ಕಂಡರೆ ಒಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸುತ್ತೇನೆ. ಇದನ್ನು ಹೇಳಿದಾಗ ನನ್ನ ಅತ್ತಿಗೆ ಮುಖ ಕಿವುಚಿದಳು. ಆದರೆ ಇದಕ್ಕಿಂತ ಒಳ್ಳೆಯ ಮೀಟರ್ ಇಲ್ಲ. ಉಪ್ಪಾಗಿದ್ದರೆ ನದಿ ಒಳಗೆ ಬರುತ್ತಿದೆ: ಶಾಫ್ಟ್, ವಾಲ್ವ್, ಪಂಪಿನ ಪೈಪು ನೋಡಬೇಕು. ಸಿಹಿಯಾಗಿದ್ದರೆ ನಮ್ಮ ಟ್ಯಾಂಕ್ ಸೋರುತ್ತಿದೆ, ಇಲ್ಲಾ ಮೇಲಿನಿಂದ ಮಳೆ ಇಳಿದಿದೆ. ಡೀಸೆಲ್ ವಾಸನೆ ಇದ್ದರೆ ನಾಲಿಗೆಯ ಕೆಲಸ ಇಲ್ಲ, ನಮ್ಮ ಮನೆಯವರನ್ನು ಎಬ್ಬಿಸಬೇಕು.

ಜನ ಉಪ್ಪು ನೀರಿಗೆ ಹೆದರುತ್ತಾರೆ. ಬೋಟಿನ ಕಟ್ಟಿಗೆಗೆ ನಿಜವಾದ ವೈರಿ ಸಿಹಿ ನೀರು. ಕಟ್ಟಿಗೆ ಕೊಳೆಸುವ ಬೂಸ್ಟಿಗೆ ಉಪ್ಪು ಆಗಿಬರುವುದಿಲ್ಲ, ಮಳೆ ನೀರು ಬಹಳ ಇಷ್ಟ. ಫೈಬರ್ ಬೋಟು ಅಂದರೂ ಡೆಕ್‌ನ ಎರಡು ಪದರಗಳ ನಡುವೆ ಕಟ್ಟಿಗೆ ಇರುತ್ತದೆ. ಕಂಬಿಗಳ ಬೋಲ್ಟ್ ಹಾಕಿದ ತೂತಿನ ಸೀಲ್ ಹಳತಾದರೆ ಮಳೆ ನೀರು ಹನಿ ಹನಿಯಾಗಿ ಆ ಪದರಕ್ಕೆ ಇಳಿಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಒಂದು ದಿನ ಕಾಲಿಟ್ಟ ಕಡೆ ಡೆಕ್ ಮೆತ್ತಗೆ ತಗ್ಗುತ್ತದೆ. ನಮ್ಮ ಬೋಟಿನಲ್ಲಿ ಮುಂದಿನ ತುದಿ ಹಾಗಾಗಿತ್ತು. ನಮ್ಮ ಮನೆಯವರು ಸುತ್ತಿಗೆಯ ಹಿಡಿಕೆಯಿಂದ ಇಂಚಿಂಚು ತಟ್ಟುತ್ತಾ ಬಂದರು. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಕೊಳೆತಲ್ಲಿ ಡಬ್ ಅನ್ನುತ್ತದೆ. ಚಾಕ್‌ಪೀಸಿನಿಂದ ಗುರುತು ಹಾಕಿ, ಮೇಲಿನ ಪದರ ಕತ್ತರಿಸಿ, ಕಪ್ಪಾದ ಕಟ್ಟಿಗೆ ಕೆರೆದು, ಹೊಸ ಪ್ಲೈವುಡ್ ಕೂರಿಸಿ, ಎಪಾಕ್ಸಿ ಅನ್ನುವ ಗಟ್ಟಿ ಅಂಟು ತುಂಬಿದೆವು. ಆಮೇಲೆ ಬೋಲ್ಟಿನ ಪ್ರತಿ ತೂತನ್ನೂ ದೊಡ್ಡದು ಮಾಡಿ, ಎಪಾಕ್ಸಿಯಿಂದ ಮುಚ್ಚಿ, ಅದರ ನಡುವೆ ಹೊಸ ತೂತು ಕೊರೆದೆವು. ಇನ್ನು ಸೀಲ್ ಸೋತರೂ ನೀರು ಕಟ್ಟಿಗೆಗೆ ಮುಟ್ಟುವುದಿಲ್ಲ. ಬೇಜಾರಿನ ಕೆಲಸ, ಆದರೆ ಒಮ್ಮೆ ಮಾಡಿದರೆ ಮುಗಿಯಿತು.

ಉದ್ಯಮಬಾಗ್ ಇಲ್ಲದಿದ್ದರೆ ನಾವು ಬೋಟು ಇಟ್ಟುಕೊಳ್ಳಲು ಆಗುತ್ತಲೇ ಇರಲಿಲ್ಲ. ಇದನ್ನು ಉಪಚಾರಕ್ಕೆ ಹೇಳುತ್ತಿಲ್ಲ. ಬೋಟಿನ ಸಾಮಾನು ಅಂತ ಹೆಸರು ಬಿದ್ದರೆ ಬೆಲೆ ಮೂರು ಪಟ್ಟು. ಅದೇ ಸಾಮಾನನ್ನು ಫೌಂಡ್ರಿ, ಪಂಪು, ಹೈಡ್ರಾಲಿಕ್ಸ್‌ನ ಊರಿನಲ್ಲಿ ಹುಡುಕಿದರೆ ಯಾವುದೋ ಬೇರೆ ಹೆಸರಿನಲ್ಲಿ ಕಪಾಟಿನಲ್ಲೇ ಇರುತ್ತದೆ.

ಶಾಫ್ಟಿನ ಗ್ಲ್ಯಾಂಡ್ ತೆಗೆದುಕೊಳ್ಳಿ. ಎಂಜಿನ್ ಬೋಟಿನ ಒಳಗೆ, ಪ್ರೊಪೆಲ್ಲರ್ ನೀರಿನ ಕೆಳಗೆ. ನಡುವೆ ತಿರುಗುವ ಶಾಫ್ಟ್ ಇದೆ, ಅದು ಹೊರಬರಲು ಬೋಟಿನ ತಳದಲ್ಲಿ ತೂತು ಇದೆ. ಆ ತೂತಿನಲ್ಲಿ ಶಾಫ್ಟ್ ತಿರುಗಬೇಕು, ನೀರು ಮಾತ್ರ ನುಗ್ಗಬಾರದು. ಅಲ್ಲಿ ಕೂರಿಸುವುದೇ ಗ್ಲ್ಯಾಂಡ್ ಪ್ಯಾಕಿಂಗ್, ಚೌಕಾಕಾರದ ಹಗ್ಗದ ಉಂಗುರಗಳು. ನಮ್ಮ ಶಾಪಿನಲ್ಲಿ ಹಳೆಯ ಟರ್ನರ್ ಒಬ್ಬರಿದ್ದಾರೆ, ಎಲ್ಲರೂ ಅವರಿಗೆ ಕಾಕಾ ಅನ್ನುತ್ತಾರೆ. ಗ್ಲ್ಯಾಂಡ್ ಬಿಚ್ಚಿ ಅವರ ಮುಂದೆ ಇಟ್ಟಾಗ ತಿರುಗಿಸಿ ನೋಡಿ ನಕ್ಕರು.

"ವೈನಿ, ಬಾವಿ ಪಂಪಿಗೂ ಇದಕ್ಕೂ ಏನ್ ಫರಕ್ ಐತ್ರಿ? ಅಲ್ಲಿ ನೀರ ಒಳಗಿಂದ ಹೊರಗ ಬರತೈತಿ, ಇಲ್ಲಿ ಹೊರಗಿಂದ ಒಳಗ ಬರತೈತಿ."

ಅವರು ಕೊಟ್ಟದ್ದು ಕಪ್ಪು ಗ್ರಾಫೈಟ್ ಪ್ಯಾಕಿಂಗ್. ಬಾವಿಯ ಪಂಪಿಗೆ ಅದೇ ಉತ್ತಮ. ಉಪ್ಪು ನೀರಿನಲ್ಲಿ ಸ್ಟೀಲ್ ಶಾಫ್ಟಿಗೆ ಗ್ರಾಫೈಟ್ ತಾಗಿಕೊಂಡರೆ ಸಣ್ಣ ಬ್ಯಾಟರಿಯೇ ಆಗಿ ಶಾಫ್ಟ್ ತಿನ್ನುತ್ತದೆ. ಬಿಳಿ ಟೆಫ್ಲಾನಿನದು ಬೇಕು ಅಂದೆ. ಕಾಕಾ ಒಪ್ಪಲಿಲ್ಲ. ತುಂಬಾ ಹೊತ್ತು ವಾದ ಆಯಿತು, ನಡುವೆ ಚಹಾನೂ ಆಯಿತು. ಕೊನೆಗೆ ಬಿಳಿಯದೇ ಬಂತು, "ನಿಮ್ಮ ಬೋಟ, ನಿಮ್ಮ ಮರ್ಜಿ" ಅನ್ನುವ ಮಾತಿನ ಸಮೇತ. ಉಂಗುರಗಳನ್ನು ಕತ್ತರಿಸಿ ಕೂರಿಸುವುದು ಮಾತ್ರ ಅವರಿಂದಲೇ ಕಲಿಯಬೇಕು. ಒಂದರ ಜೋಡು ಮೇಲೆ ಬಂದರೆ ಮುಂದಿನದರ ಜೋಡು ಪಕ್ಕಕ್ಕೆ, ಅದರ ಮುಂದಿನದು ಇನ್ನೊಂದು ಪಕ್ಕಕ್ಕೆ. ಎಲ್ಲ ಒಂದೇ ಸಾಲಿಗೆ ಬಂದರೆ ನೀರಿಗೆ ನೇರ ದಾರಿ ಸಿಗುತ್ತದೆ. ನಟ್ಟನ್ನು ಪೂರ್ತಿ ಬಿಗಿಯಲೂ ಬಾರದು. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ಬೀಳಲೇಬೇಕು, ಆ ಹನಿಯೇ ಅದಕ್ಕೆ ಎಣ್ಣೆ, ಅದೇ ತಂಪು. ಸ್ವಲ್ಪ ಹೊತ್ತು ಓಡಿಸಿ ಗ್ಲ್ಯಾಂಡ್ ಮೇಲೆ ಕೈ ಇಡಬೇಕು. ಕೈ ಸುಟ್ಟರೆ ಬಿಗಿ ಜಾಸ್ತಿಯಾಗಿದೆ ಅಂತ ಅರ್ಥ. ಎಂಜಿನ್ ನಿಲ್ಲಿಸಿದ ಮೇಲೂ ಧಾರಾಳವಾಗಿ ಸುರಿದರೆ ಸಡಿಲ.

ಲೋಹದ ವಿಷಯದಲ್ಲಿ ನಾನು ಈಗ ಯಾರನ್ನೂ ನಂಬುವುದಿಲ್ಲ. ಅಂಗಡಿಯಲ್ಲಿ ಕೇಳಿದರೆ "ಎಸ್‌ಎಸ್ ಅಂದ್ರ ಎಸ್‌ಎಸ್ ರಿ" ಅನ್ನುತ್ತಾರೆ. ಎಸ್‌ಎಸ್ ಅಂದರೆ ಸ್ಟೇನ್‌ಲೆಸ್ ಸ್ಟೀಲ್, ಅದರಲ್ಲಿ ನಂಬರಿನ ಮೇಲೆ ಬೇರೆ ಬೇರೆ ನಮೂನೆ. ಅಡುಗೆಮನೆಯ ತಾಟು, ಲೋಟಕ್ಕೆ 304 ಸಾಕು. ಉಪ್ಪು ಗಾಳಿಗೆ 316 ಬೇಕು. ಅದರಲ್ಲಿ ಉಪ್ಪಿನ ತುಕ್ಕು ತಡೆಯುವ ಮಾಲಿಬ್ಡಿನಂ ಶೇಕಡಾ 2ರಿಂದ 3ರಷ್ಟು ಇರುತ್ತದೆ. ನೋಡಲು ಎರಡೂ ಒಂದೇ, ಅಯಸ್ಕಾಂತದಿಂದಲೂ ಎರಡರ ಫರಕ್ ಗೊತ್ತಾಗುವುದಿಲ್ಲ. ಟೆಸ್ಟ್ ಸರ್ಟಿಫಿಕೇಟ್ ಕೇಳಬೇಕು, ಇಲ್ಲಾ ಹನಿ ಹಾಕಿ ಬಣ್ಣ ನೋಡುವ ಕಿಟ್ ಇಟ್ಟುಕೊಳ್ಳಬೇಕು. 304ರ ಬೋಲ್ಟ್ ಹಾಕಿದರೆ ಬೇಗನೇ ಚಹಾ ಚೆಲ್ಲಿದಂಥ ಕಂದು ಕಲೆ ಇಳಿಯುತ್ತದೆ. ಕಲೆ ಬಿಡಿ, ಅದು ನೋಡಲು ಕೆಟ್ಟದು ಅಷ್ಟೇ. ಅಪಾಯ ಇರುವುದು ಗಾಳಿ ಸಿಗದ ಕಡೆ, ಒದ್ದೆ ಸೀಲಿನ ಒಳಗೆ ಕೂತ ಭಾಗದಲ್ಲಿ. ಅಲ್ಲಿ 316 ಕೂಡ ಒಳಗೊಳಗೇ ತೂತು ಬೀಳುತ್ತದೆ. ಹಾಯಿಯ ಕಂಬ ಹಿಡಿದ ತಂತಿಗಳ ಬೋಲ್ಟ್‌ಗಳನ್ನು ಅದಕ್ಕೇ ಆಗಾಗ ಪೂರ್ತಿ ಹೊರತೆಗೆದು ನೋಡುತ್ತೇವೆ.

ಹಿತ್ತಾಳೆ ಇನ್ನೂ ಮೋಸ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಉಪ್ಪು ನೀರಿನಲ್ಲಿ ಸತು ಕರಗಿ ಹೋಗಿ ತಾಮ್ರದ ಜೊಳ್ಳು ಉಳಿಯುತ್ತದೆ. ಬಣ್ಣ ಗುಲಾಬಿಗೆ ತಿರುಗುತ್ತದೆ, ಆಕಾರ ಹಾಗೇ ಇರುತ್ತದೆ, ತಟ್ಟಿದರೆ ಮುರಿಯುತ್ತದೆ. ಬೋಟಿನ ತಳದಲ್ಲಿ ನೀರು ಒಳಗೆಳೆಯುವ ತೂತಿಗೆ ಹಾಕುವ ವಾಲ್ವ್ ಹಾಗಾದರೆ ಬೋಟೇ ಮುಳುಗುತ್ತದೆ. ಆ ವಾಲ್ವಿಗೆ ತಾಮ್ರ ಮತ್ತು ತವರದ ಗನ್‌ಮೆಟಲ್ ಬೇಕು. ಗೋವಾದ ಒಂದು ಅಂಗಡಿಯಲ್ಲಿ ಗನ್‌ಮೆಟಲ್ ಅಂತ ಹೇಳಿ ಕೊಟ್ಟ ವಾಲ್ವನ್ನು ಬೆಳಗಾವಿಗೆ ತಂದು ತೋರಿಸಿದೆವು. ಕಾಕಾ ಮೂಲೆಯಲ್ಲಿ ಸ್ವಲ್ಪ ಕಾನಸ್ (ಅರ) ಹೊಡೆದು, ಬೆಳಕಿಗೆ ಹಿಡಿದು, "ಹಿತ್ತಾಳಿ" ಅಂದರು. ಬೇರೇನೂ ಹೇಳಲಿಲ್ಲ. ಪರಿಚಯದ ಫೌಂಡ್ರಿಯಲ್ಲಿ ತವರ ಬೆರೆಸಿದ ಗನ್‌ಮೆಟಲ್‌ನಲ್ಲೇ ಎರಕ ಹಾಕಿಸಿ, ನಮ್ಮ ಲೇಥಿನಲ್ಲಿ ಥ್ರೆಡ್ ಮಾಡಿಸಿದೆವು. ಪ್ರತಿ ವಾಲ್ವಿನ ಪಕ್ಕ ಕಟ್ಟಿಗೆಯ ಒಂದು ಬಿರಡೆ ದಾರ ಕಟ್ಟಿ ತೂಗುತ್ತಿದೆ, ನಮ್ಮ ಗಲ್ಲಿಯ ಬಡಿಗೇರ ಮಾಡಿಕೊಟ್ಟದ್ದು. ವಾಲ್ವ್ ಮುರಿದರೆ ಅದನ್ನು ತೂತಿಗೆ ಬಡಿಯುವುದು. ಮೆತ್ತನೆ ಕಟ್ಟಿಗೆ ನೀರು ಕುಡಿದು ಉಬ್ಬಿ ತಾನೇ ಬಿಗಿಯಾಗುತ್ತದೆ.

ಶಾಫ್ಟಿನ ಮೇಲೆ ಒಂದು ಲೋಹದ ಗಡ್ಡೆ ಕಟ್ಟಿರುತ್ತೇವೆ, ಆನೋಡ್. ನೀರು ತಿನ್ನುವುದಾದರೆ ಮೊದಲು ಅದನ್ನು ತಿನ್ನಲಿ, ಪ್ರೊಪೆಲ್ಲರ್ ಉಳಿಯಲಿ ಅಂತ. ಎಲ್ಲರೂ ಸತುವಿನದೇ ಹಾಕುತ್ತಾರೆ. ಪೂರ್ತಿ ಸಮುದ್ರದಲ್ಲಿ ಇರುವವರಿಗೆ ಅದು ಸರಿ. ನಮ್ಮ ಜಾಗದಲ್ಲಿ ನೀರು ಚೌಳು, ಮಳೆ ಶುರುವಾದರೆ ಖಾನಾಪುರದ ಕೆಂಪು ನೀರೇ ಬರುತ್ತದೆ. ಸಿಹಿ ನೀರಿನಲ್ಲಿ ಸತುವಿನ ಮೇಲೆ ಗಟ್ಟಿ ಪೊರೆ ಕಟ್ಟಿ ಕೆಲಸ ನಿಲ್ಲಿಸುತ್ತದೆ. ಗಡ್ಡೆ ಕರಗದೇ ಹಾಗೇ ಇದೆ, ಬೋಟು ಚೆನ್ನಾಗಿದೆ ಅಂತ ಖುಷಿಪಡುತ್ತಾ ಕೂತರೆ ಪ್ರೊಪೆಲ್ಲರ್ ಹೋಗಿರುತ್ತದೆ. ನಾವು ಅಲ್ಯೂಮಿನಿಯಂನದು ಹಾಕುತ್ತೇವೆ, ಅದು ಎರಡಕ್ಕೂ ನಡೆಯುತ್ತದೆ. ಅರ್ಧ ಕರಗಿದರೆ ಬದಲಿಸುವುದು.

ತಳಕ್ಕೆ ತಾಮ್ರದ ಆಕ್ಸೈಡ್ ಇರುವ ಬಣ್ಣ ಬಳಿಯುತ್ತೇವೆ, ಚಿಪ್ಪು ಹುಳುಗಳು ಅಂಟದಿರಲಿ ಅಂತ. ಹಿಂದೆ ತವರದ ರಾಸಾಯನಿಕ ಹಾಕಿದ ಬಣ್ಣ ಇತ್ತು, ಒಂದು ಹುಳ ಹತ್ತಿರ ಬರುತ್ತಿರಲಿಲ್ಲವಂತೆ. ಸಮುದ್ರದ ಬಸವನಹುಳು, ಸಿಂಪಿಗಳಿಗೆಲ್ಲ ಅದು ವಿಷ ಅಂತ ಗೊತ್ತಾಗಿ 2008ರಿಂದ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಅದಕ್ಕೆ ನಿಷೇಧ ಬಂತು. ತಾಮ್ರದ ಬಣ್ಣ ಅಷ್ಟು ಬಲ ಅಲ್ಲ. ಬೆಚ್ಚನೆ ನೀರಿನಲ್ಲಿ ನಿಂತ ಬೋಟಿಗೆ ಮೊದಲು ಲೋಳೆ, ಆಮೇಲೆ ಹುಲ್ಲು, ಆಮೇಲೆ ಬಾರ್ನಕಲ್ ಅನ್ನುವ ಚಿಪ್ಪು ಹುಳು. ನಮ್ಮ ಮನೆಯವರು ಕನ್ನಡಕ ಕಟ್ಟಿಕೊಂಡು, ಉಬ್ಬರ ಇಳಿತಗಳ ನಡುವೆ ನೀರು ನಿಂತ ಹೊತ್ತು ನೋಡಿ ಇಳಿಯುತ್ತಾರೆ. ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತಾ ಇರುತ್ತದೆ, ಹಾಗಾಗಿ ನಮ್ಮ ಟೈಮ್‌ಟೇಬಲ್ ಗಡಿಯಾರದ್ದಲ್ಲ. ಹುಣ್ಣಿಮೆ ಅಮಾವಾಸ್ಯೆಯ ಸುತ್ತ ನೀರು ಸುಮಾರು ಎರಡು ಮೀಟರ್ ಏರಿ ಇಳಿಯುತ್ತದೆ. ಸೆಳೆತ ಜೋರು, ಆಗ ಇಳಿಯಲು ಬಿಡುವುದಿಲ್ಲ ನಾನು.

ಏಪ್ರಿಲ್ ತಿಂಗಳ ಮಧ್ಯಾಹ್ನ ಬೋಟಿನ ಒಳಗೆ ಕೂರಲು ಆಗುವುದಿಲ್ಲ. ಡೆಕ್ ಪೂರ್ತಿ ಮುಚ್ಚುವ ಹಾಗೆ ಮೇಲೆ ಬಿಳಿ ಕ್ಯಾನ್ವಾಸ್ ಕಟ್ಟುತ್ತೇವೆ. ಲಾರಿಗಳ ತಾಡಪತ್ರಿ ಹೊಲಿಯುವವರ ಕೈಯಲ್ಲಿ ಬೆಳಗಾವಿಯಲ್ಲೇ ಹೊಲಿಸಿದ್ದು. ಅವರ ಮಷೀನು ದಪ್ಪ ಬಟ್ಟೆಗೆ ಅಂಜುವುದಿಲ್ಲ, ಹಗ್ಗ ಪೋಣಿಸುವ ಹಿತ್ತಾಳೆ ಕಣ್ಣು ಕೂರಿಸುವುದೂ ಅವರಿಗೆ ದಿನದ ಕೆಲಸ. ಬಟ್ಟೆಗಿಂತ ದಾರದ ಬಗ್ಗೆ ಜಾಸ್ತಿ ಹೇಳಬೇಕಾಯಿತು. ಬಿಸಿಲಿಗೆ ಮೊದಲು ಸೋಲುವುದು ಹೊಲಿಗೆ, ಬಟ್ಟೆ ಅಲ್ಲ. ಹಾಯಿಯದೂ ಇದೇ ಕತೆ. ಬಟ್ಟೆ ಗಟ್ಟಿ ಇರುತ್ತದೆ, ಉಗುರಿನಿಂದ ಕೆರೆದರೆ ದಾರ ಪುಡಿಪುಡಿ. ಹತ್ತಿ ದಾರ ಬೇಡ, ದಪ್ಪ ಪಾಲಿಯೆಸ್ಟರ್ ಹಾಕಿ, ಎರಡೆರಡು ಸಾಲು ಹೊಲಿಯಿರಿ ಅಂದೆ. "ಅಕ್ಕಾರ, ಇದು ಯಾವ ಲಾರಿ?" ಅಂತ ಕೇಳಿದರು.

ಸೆಕೆಗಿಂತ ಬೂಸ್ಟು ಕೆಟ್ಟದು. ಚರ್ಮದ ಚಪ್ಪಲಿ ಎರಡು ವಾರ ಮುಟ್ಟದಿದ್ದರೆ ಹಸಿರು. ಹಾಸಿಗೆಯ ಕೆಳಭಾಗ, ಕಪಾಟಿನ ಹಿಂಭಾಗ, ಪುಸ್ತಕದ ಬೆನ್ನು, ಎಲ್ಲೆಲ್ಲಿ ಗಾಳಿ ನಿಲ್ಲುತ್ತದೋ ಅಲ್ಲೆಲ್ಲ ಕಪ್ಪು ಚುಕ್ಕಿ. ಬಿಳಿ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತೇನೆ, ಹಾಸಿಗೆ ದಿನಾ ಎತ್ತಿ ನಿಲ್ಲಿಸುತ್ತೇನೆ, ಕಪಾಟಿನ ಬಾಗಿಲಿಗೆಲ್ಲ ತೂತು ಕೊರೆಸಿದ್ದೇನೆ. ಇಳಕಲ್ ಸೀರೆ ಒಂದನ್ನೂ ಬೋಟಿಗೆ ಒಯ್ಯುವುದಿಲ್ಲ. ಖಾನಾಪುರದ ಮಣ್ಣಿನ ಗಡಿಗೆ ಒಯ್ದಿದ್ದೆ, ಫ್ರಿಜ್ ಇಲ್ಲವಲ್ಲ, ತಣ್ಣೀರಿಗೆ ಅಂತ. ಬೆಳಗಾವಿಯ ಒಣ ಬೇಸಿಗೆಯಲ್ಲಿ ನೀರು ಎಷ್ಟು ತಂಪಾಗುತ್ತದೆ, ಅಲ್ವಾ? ಅಲ್ಲಿ ಗಾಳಿಯೇ ಒದ್ದೆ, ಗಡಿಗೆಯ ಮೈ ಬೆವರಿದರೂ ಬೆವರು ಆರುವುದಿಲ್ಲ. ನೀರು ಉಗುರುಬೆಚ್ಚಗೆ. ಈಗ ಗಡಿಗೆಯಲ್ಲಿ ಈರುಳ್ಳಿ ಇಡುತ್ತೇನೆ.

ಊಟ ಪೂರ್ತಿ ನಮ್ಮ ಕಡೆಯದು. ಬೋಟಿಗೆ ಕಡಕ್ ರೊಟ್ಟಿಗಿಂತ ಒಳ್ಳೆಯ ತಿನಿಸು ನನಗೆ ಸಿಕ್ಕಿಲ್ಲ. ಬೇಯಿಸುವುದು ಬೇಡ, ಗ್ಯಾಸ್ ಬೇಡ, ತಿಂಗಳುಗಟ್ಟಲೆ ಕೆಡುವುದಿಲ್ಲ. ಆದರೆ ಗಾಳಿ ಆಡದ ಡಬ್ಬಿ ಬೇಕೇ ಬೇಕು. ಒಂದು ರಾತ್ರಿ ಮುಚ್ಚಳ ಸಡಿಲ ಬಿಟ್ಟರೆ ಬೆಳಿಗ್ಗೆ ರಬ್ಬರ್. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಸಣ್ಣ ಸಣ್ಣ ಡಬ್ಬಿಗಳಲ್ಲಿ. ಶೇಂಗಾ ಚಟ್ನಿ ಬೇಗ ಮುಗ್ಗಲು ವಾಸನೆ ಹೊಡೆಯುತ್ತದೆ, ಅದನ್ನು ಮೊದಲು ತಿಂದು ಮುಗಿಸಬೇಕು. ಎಂಜಿನ್ ಕೆಲಸ ಇದ್ದ ದಿನ ಗೋಕಾಕ ಕರದಂಟು. ನಾವು ಮೀನು ತಿನ್ನುವವರಲ್ಲ. ಹೊಳೆಯ ನಡುವೆ ಮನೆ ಮಾಡಿಕೊಂಡು ಮೀನು ತಿನ್ನದ ಜನ ಅಂತ ಪಕ್ಕದಲ್ಲಿ ಬಲೆ ಬಿಡುವವರು ನಗುತ್ತಾರೆ. ಮರಾಠಿ, ಕೊಂಕಣಿ ಬೆರೆಸಿ ಮಾತಾಡುತ್ತೇವೆ. ಅವರು ತೆಂಗಿನಕಾಯಿ ಕೊಡುತ್ತಾರೆ, ನಾನು ಗುರೆಳ್ಳು ಚಟ್ನಿ ಕೊಡುತ್ತೇನೆ. ಅವರ ಮನೆಯಲ್ಲಿ ಅದನ್ನು ಮೀನಿನ ಸಾರಿನ ಜೊತೆ ತಿನ್ನುತ್ತಾರಂತೆ. ತಿನ್ನಲಿ.

ಗ್ಯಾಸ್ ವಿಷಯದಲ್ಲಿ ಬಹಳ ಕಟ್ಟುನಿಟ್ಟು ನಾನು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲಿನಿಂದ ಹೊರಗೆ ಹೋದೀತು, ಬೋಟಿನಲ್ಲಿ ನೇರ ಬಿಲ್ಜ್‌ಗೆ ಇಳಿದು ಅಲ್ಲೇ ಕೂರುತ್ತದೆ. ಒಂದು ಕಿಡಿ ಸಾಕು. ಸಿಲಿಂಡರ್ ಇರುವುದು ಹೊರಗೆ, ತಳದಲ್ಲಿ ತೂತು ಇರುವ ಪೆಟ್ಟಿಗೆಯಲ್ಲಿ, ಸೋರಿದರೂ ನದಿಗೆ ಹೋಗಲಿ ಅಂತ. ಪ್ರತಿ ಅಡುಗೆ ಮುಗಿದ ಮೇಲೆ ಸಿಲಿಂಡರಿನ ಹತ್ತಿರವೇ ಬಂದ್ ಮಾಡಬೇಕು. ಒಂದು ಲೋಟ ಚಹಾ ಮಾಡಿದರೂ ಅಷ್ಟೇ.

ಕರೆಂಟಿಗೆ 100 ವ್ಯಾಟಿನ ಎರಡು ಸೋಲಾರ್ ಪ್ಲೇಟು. ದೀಪ, ಸಣ್ಣ ಫ್ಯಾನು, ಮೊಬೈಲು, ಬಿಲ್ಜ್ ಪಂಪು. ಬ್ಯಾಟರಿ 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.2ಕ್ಕೆ ಬಂದರೆ ಅರ್ಧ. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಲೆಡ್ ಬ್ಯಾಟರಿ ಬೇಗ ಸಾಯುತ್ತದೆ. ಫ್ಯಾನ್ ಬೇಕೋ ಬ್ಯಾಟರಿ ಬೇಕೋ ಅನ್ನುವ ಚರ್ಚೆ ಮೇ ತಿಂಗಳಲ್ಲಿ ರಾತ್ರಿ ಎರಡು ಗಂಟೆಗೆ ನಡೆಯುತ್ತದೆ.

ಮೇ ಕೊನೆಗೆ ಬೋಟನ್ನು ದಡಕ್ಕೆ ಎಳೆಸುತ್ತೇವೆ. ಜೂನ್ ಮೊದಲ ವಾರ ಮಳೆ, ಅದಕ್ಕೂ ಮೊದಲೇ ಗುಡುಗು ಸಿಡಿಲು. ಬಯಲು ನದಿಯಲ್ಲಿ ಎತ್ತರದ ಅಲ್ಯೂಮಿನಿಯಂ ಕಂಬ ಇಟ್ಟುಕೊಂಡು ಕೂರುವುದು ನನಗೆ ಹಿಡಿಸುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆಗೆ ನಿಷೇಧ, ಹಾಗಾಗಿ ಟ್ರಾಲರುಗಳೂ ಅದೇ ಹೊತ್ತಿಗೆ ರಿಪೇರಿಗೆ ಬರುತ್ತವೆ. ಯಾರ್ಡಿನಲ್ಲಿ ಜಾಗಕ್ಕೆ ಮಾರ್ಚಿನಲ್ಲೇ ಹೇಳಿಡಬೇಕು. ಮಳೆಗಾಲದಲ್ಲಿ ಮಾಂಡೋವಿಯ ಬಾಯಿಯ ಹತ್ತಿರ, ಆಗ್ವಾದ ಮರಳ ದಿಬ್ಬದ ಮೇಲೆ ಅಲೆ ಒಡೆಯುತ್ತದೆ, ಆ ದಾರಿ ಬಂದ್. ಅದಿರಿನ ಬಾರ್ಜ್‌ಗಳು ಕುಂಬಾರ್ಜುವಾ ಕಾಲುವೆ ಹಿಡಿದು ಜುವಾರಿ ನದಿಗೆ ದಾಟುತ್ತಿದ್ದದ್ದು ಇದಕ್ಕೇ. ಆ ಕಾಲುವೆಯಲ್ಲಿ ಮೊಸಳೆ ಇವೆ. ನಮ್ಮ ಕೃಷ್ಣಾ ನದಿಯಲ್ಲೂ ಇವೆ ಬಿಡಿ, ಆದರೆ ನಾನು ರಾಯಬಾಗದಲ್ಲಿ ಹೊಳೆಯ ಮೇಲೆ ಮಲಗುವುದಿಲ್ಲವಲ್ಲ.

ಎಳೆದ ಮೇಲೆ ತಳದ ಬಿರಡೆ ತೆಗೆದಿಡುವುದು ಮುಖ್ಯ. ಮಳೆ ನೀರು ಒಳಗೆ ಬಂದರೂ ಹೊರಗೆ ಹೋಗಲಿ. ಡೀಸೆಲ್ ಟ್ಯಾಂಕ್ ಗಂಟಲ ತನಕ ತುಂಬಿಸುತ್ತೇವೆ. ಖಾಲಿ ಜಾಗ ಇದ್ದರೆ ಗಾಳಿಯ ತೇವ ಒಳಗೆ ಹನಿಯಾಗಿ ಡೀಸೆಲ್ ಕೆಳಗೆ ನೀರು ನಿಲ್ಲುತ್ತದೆ, ಆ ನೀರಿಗೂ ಡೀಸೆಲಿಗೂ ನಡುವೆ ಕಪ್ಪು ಲೋಳೆ ಬೆಳೆದು ಫಿಲ್ಟರ್ ಕಟ್ಟುತ್ತದೆ. ನೀರಿನ ಪಂಪಿನ ಒಳಗೆ ತಿರುಗುವ ರಬ್ಬರ್ ಚಕ್ರ, ಇಂಪೆಲ್ಲರ್, ಹೊರತೆಗೆಯುತ್ತೇವೆ, ನಾಲ್ಕು ತಿಂಗಳು ಬಾಗಿಯೇ ಕೂತರೆ ಹಾಗೇ ಬಾಗಿ ಸೆಟೆಯುತ್ತದೆ. ಹಾಯಿ, ಬ್ಯಾಟರಿ, ಹಗ್ಗ ಕಾರಿನ ಹಿಂದೆ ತುಂಬಿಕೊಂಡು ಘಾಟ್ ಹತ್ತುತ್ತೇವೆ. ಬೆಳಗಾವಿಯಲ್ಲೂ ಮಳೆ ಕಡಿಮೆ ಏನಲ್ಲ, ಆದರೂ ಅಟ್ಟದ ಮೇಲೆ ಒಣ ಜಾಗ ಇದೆ. ಈ ಸಾಲು ಬರೆಯುವಾಗ ಹಾಯಿ ಅಲ್ಲೇ ಇದೆ, ಬ್ಯಾಟರಿಗಳು ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಚಾರ್ಜಿಗೆ ಇವೆ, ಪ್ರೊಪೆಲ್ಲರ್ ಶಾಪಿನಲ್ಲಿ ಬ್ಯಾಲೆನ್ಸ್ ಆಗಬೇಕು. ನಾಳೆ ಕೊಡ್ತೀನಿ ಅಂತ ಮೈದುನ ಹೇಳಿ ಒಂದು ವಾರ ಆಯಿತು. ಮನೆಯ ಗಿರಾಕಿಗೆ ಉದ್ಯಮಬಾಗ್‌ನಲ್ಲಿ ಕೊನೆಯ ನಂಬರು.

ರೊಕ್ಕ. ಬೋಟಿನ ಬೆಲೆ ಮೈದುನನ ಕಾರಿಗಿಂತ ಕಡಿಮೆ. ಖರ್ಚು ಬರುವುದು ಆಮೇಲೆ. ವರ್ಷ ವರ್ಷ ಎಳೆಸುವ ಕೂಲಿ, ಯಾರ್ಡಿನ ಬಾಡಿಗೆ, ತಳದ ಬಣ್ಣ. ಇದರಲ್ಲಿ ಬಣ್ಣದ್ದೇ ದೊಡ್ಡ ಪಾಲು. ನಿಮ್ಮದೇ ಲೇಥ್ ಇಲ್ಲದಿದ್ದರೆ, ಕೈಯಲ್ಲಿ ಕೆಲಸ ಇಲ್ಲದಿದ್ದರೆ, ಬೋಟು ಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನಮ್ಮ ಮನೆಯವರು ಹೇಳುತ್ತಾರೆ. ಅವರ ಮಾತು ಕೇಳಬೇಡಿ.

ನೋಡಲು ಬರುವವರು ಡಿಸೆಂಬರ್ ಎರಡನೇ ವಾರ ಬನ್ನಿ. ಟ್ರಾಲಿ ಬ್ಯಾಗ್ ತರಬೇಡಿ, ಇಡಲು ಜಾಗ ಇಲ್ಲ, ಮಡಚಲು ಬರುವ ಚೀಲ ತನ್ನಿ. ಚಪ್ಪಲಿ ದೋಣಿಯಲ್ಲೇ ಬಿಡಬೇಕು. ಅಂಗಿಯ ಮೇಲಿನ ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡು ಬಗ್ಗಬೇಡಿ, ನದಿಗೆ ಈಗಾಗಲೇ ಸಾಕಷ್ಟು ಕೊಟ್ಟಾಗಿದೆ. ಒಂದು ರಾತ್ರಿಗೆ ಇಬ್ಬರಿಗಿಂತ ಜಾಸ್ತಿ ಬೇಡ. ಕ್ರಿಸ್‌ಮಸ್ ಹೊತ್ತಿಗಂತೂ ಬರಲೇಬೇಡಿ. ಚೋರ್ಲಾ ಘಾಟ್‌ನಲ್ಲಿ ಗಾಡಿಗಳ ಸಾಲಿನಲ್ಲೇ ನಿಮ್ಮ ಅರ್ಧ ದಿನ ಹೋಗುತ್ತದೆ.